ನೀರಿಲ್ಲದೆ ತಲೆ ತೊಳೆಯಬಹುದೆ? – ಕೂದಲಿನ ಪುಡಿಯ ಕಥೆ

ಬೇಸಿಗೆಯ ದಿನಗಳಲ್ಲಿ ದೊಡ್ಡಬಳ್ಳಾಪುರ ಅಥವಾ ಹೊಸಕೋಟೆಯ ಯಾವುದಾದರೂ ವಿದ್ಯಾರ್ಥಿನಿಲಯವನ್ನು ನೆನಪಿಸಿಕೊಳ್ಳಿ. ಕೊಳವೆಬಾವಿಯ ನೀರು ಕಡಿಮೆಯಾಗಿದೆ. ಟ್ಯಾಂಕರ್ ಬರುವವರೆಗೆ ಒಬ್ಬರಿಗೆ ಒಂದೇ ಬಕೆಟ್. ಇಂಥ ಸಮಯದಲ್ಲಿ ಉದ್ದ ಕೂದಲಿನ ಹುಡುಗಿಗೆ ತಲೆಸ್ನಾನ ಒಂದು ಸಮಸ್ಯೆಯೇ ಸರಿ. ಅದೇ ಊರಿನ ಅಂಗಡಿಯಲ್ಲಿ ‘ಡ್ರೈ ಶಾಂಪೂ’ ಎಂಬ ಡಬ್ಬಿಯೂ ದೊರೆಯಬಹುದು. ಒತ್ತಿದರೆ ಬಿಳಿಯ ಪುಡಿ ತುಂತುರಾಗಿ ಹೊರಬರುತ್ತದೆ. ಕೂದಲಿನ ಬುಡಕ್ಕೆ ಸಿಂಪಡಿಸಿ, ಬೆರಳಿನಿಂದ ಉಜ್ಜಿ, ಬಾಚಿದರೆ ಆಯಿತು. ಜಿಡ್ಡು ಮಾಯ! ಕೂದಲು ಹಗುರಾಗಿ, ತುಂಬಿಕೊಂಡಂತೆ ಕಾಣುತ್ತದೆ. ಒಂದು ಹನಿ ನೀರೂ ಬೇಡ.

ಹಾಗಾದರೆ ನೀರಿನ ಬರಕ್ಕೆ ಇದು ಪರಿಹಾರವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಡಬ್ಬಿಯೊಳಗಿನ ರಸಾಯನ ವಿಜ್ಞಾನವನ್ನು ತಿಳಿದರೆ ಸಾಲದು. ಪುಡಿಯ ಚರಿತ್ರೆಯನ್ನೂ ತಿಳಿಯಬೇಕು. ಏಕೆಂದರೆ ಕೂದಲಿಗೆ ಪುಡಿ ಹಾಕುವುದು ಹೊಸದಲ್ಲ. ಈ ಪುಡಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬೆಲೆ ತೆತ್ತಿದ್ದಾರೆ.

ಜಿಡ್ಡು ಎಂದರೇನು?

ಕೂದಲಿನ ಪ್ರತಿಯೊಂದು ಬುಡದ ಪಕ್ಕದಲ್ಲಿ ಒಂದು ಸಣ್ಣ ಗ್ರಂಥಿ ಇರುತ್ತದೆ. ಅದು ಸ್ರವಿಸುವ ಎಣ್ಣೆಯಂಥ ವಸ್ತುವೇ ಸೀಬಮ್. ಇದರಲ್ಲಿ ಟ್ರೈಗ್ಲಿಸರೈಡ್‌ಗಳು, ಕೊಬ್ಬಿನ ಆಮ್ಲಗಳು, ಮೇಣದಂಥ ಎಸ್ಟರ್‌ಗಳು ಮತ್ತು ಸ್ಕ್ವಾಲೀನ್ ಎಂಬ ಹೈಡ್ರೋಕಾರ್ಬನ್ ಇರುತ್ತವೆ. ಸೀಬಮ್ ಕೆಟ್ಟದ್ದಲ್ಲ. ಅದು ಚರ್ಮ ಒಣಗದಂತೆ, ಕೂದಲು ಸಿಡುಕದಂತೆ ಕಾಪಾಡುತ್ತದೆ. ಹೆಚ್ಚಾದಾಗ ಮಾತ್ರ ತೊಂದರೆ.

ಒದ್ದೆಯಾದ ಬಣ್ಣದ ಕುಂಚವನ್ನು ನೀವು ನೋಡಿದ್ದೀರಿ. ನೀರಿನಿಂದ ಹೊರತೆಗೆದೊಡನೆ ಅದರ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಚೂಪಾಗುತ್ತವೆ. ಎಳೆಗಳ ನಡುವಿನ ದ್ರವದ ಮೇಲ್ಮೈ ಕರ್ಷಣ ಅವುಗಳನ್ನು ಒಟ್ಟಿಗೆ ಎಳೆಯುವುದೇ ಇದಕ್ಕೆ ಕಾರಣ. ಕೂದಲಿನಲ್ಲೂ ಹೀಗೆಯೇ. ಕೂದಲೆಳೆಯ ದಪ್ಪ ಸುಮಾರು 50ರಿಂದ 100 ಮೈಕ್ರೋಮೀಟರ್. ಇಂಥ ತೆಳು ಎಳೆಗಳ ನಡುವೆ ಎಣ್ಣೆಯ ಪದರ ಸೇರಿದಾಗ ಅವು ಗೊಂಚಲಾಗಿ ಅಂಟಿಕೊಂಡು ತಲೆಗೆ ಒತ್ತಿಕೊಳ್ಳುತ್ತವೆ. ಕೂದಲಿನ ಸಂಖ್ಯೆ ಕಡಿಮೆಯಾಗಿಲ್ಲ, ಆದರೂ ಕಡಿಮೆಯಾದಂತೆ ಕಾಣುತ್ತದೆ.

ಈಗ ಪಿಷ್ಟದ ಪುಡಿಯನ್ನು ಸಿಂಪಡಿಸಿ. ಅಕ್ಕಿಯ ಪಿಷ್ಟದ ಕಣ ಸುಮಾರು 3ರಿಂದ 8 ಮೈಕ್ರೋಮೀಟರ್, ಮುಸುಕಿನ ಜೋಳದ್ದು ಸುಮಾರು 15 ಮೈಕ್ರೋಮೀಟರ್. ಕಣ ಚಿಕ್ಕದಾದಷ್ಟೂ ಅದೇ ತೂಕದ ಪುಡಿಯ ಒಟ್ಟು ಮೇಲ್ಮೈ ಹೆಚ್ಚು. ಎಣ್ಣೆ ಈ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಕಣಗಳ ನಡುವಿನ ಸಂದುಗಳಿಗೂ ಏರುತ್ತದೆ. ಒತ್ತುಕಾಗದ ಶಾಯಿಯನ್ನು ಹೀರುವುದು ಹೀಗೆಯೇ. ಎಣ್ಣೆಯ ಪದರ ಹೋದೊಡನೆ ಎಳೆಗಳು ಬಿಡಿಬಿಡಿಯಾಗುತ್ತವೆ. ಉಳಿದ ಕಣಗಳು ಎಳೆಗಳ ನಡುವೆ ಸಣ್ಣ ಬೆಣೆಗಳಂತೆ ನಿಂತು ಘರ್ಷಣೆಯನ್ನು ಹೆಚ್ಚಿಸುತ್ತವೆ. ಇದರಿಂದ ಕೂದಲು ಜಾರದೆ ಎತ್ತಿದಲ್ಲಿ ನಿಲ್ಲುತ್ತದೆ. ಕೇಶಾಲಂಕಾರದವರು ಹೇಳುವ ‘ವಾಲ್ಯೂಮ್’ ಇದೇ. ತೊಳೆದ ಕೂದಲಿಗೂ ಅವರು ಈ ಪುಡಿಯನ್ನು ಹಾಕುವುದು ಇದಕ್ಕಾಗಿಯೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಇದೇ ಪಿಷ್ಟವನ್ನು ನೀರಿನಲ್ಲಿ ಬೇಯಿಸಿದರೆ ಗಂಜಿಯಾಗುತ್ತದೆ. ಮಗ್ಗದ ಹಾಸು ನೂಲಿಗೆ ಗಂಜಿ ಹಾಕುವುದನ್ನು ನೇಕಾರರ ಊರಾದ ದೊಡ್ಡಬಳ್ಳಾಪುರದ ಓದುಗರಿಗೆ ಹೇಳಬೇಕಿಲ್ಲ. ಗಂಜಿ ನೂಲಿನ ಎಳೆಗಳನ್ನು ಒಟ್ಟಿಗೆ ಅಂಟಿಸುತ್ತದೆ. ಹಸಿ ಪುಡಿ ಕೂದಲಿನ ಎಳೆಗಳನ್ನು ಬಿಡಿಸುತ್ತದೆ. ಮುಸುಕಿನ ಜೋಳದ ಪಿಷ್ಟ ಗಂಜಿಯಾಗಲು ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ತಲೆಯ ಚರ್ಮದ ತಾಪದಲ್ಲಿ ಅದು ಗಂಜಿಯಾಗದು. ಆದರೆ ಪುಡಿ ಹಾಕಿದ ಕೂದಲನ್ನು ಒದ್ದೆ ಮಾಡಿ ಬಿಸಿ ಇಸ್ತ್ರಿಯಂಥ ಸಾಧನದಿಂದ ನೇರ ಮಾಡಲು ಹೊರಟರೆ ಗಂಜಿ ಹಾಕಿದ ನೂಲಿನ ಗತಿಯೇ!

ನಮ್ಮ ಪುಡಿಗಳು

ಪುಡಿಯಿಂದ ಜಿಡ್ಡು ತೆಗೆಯುವುದು ನಮ್ಮ ನಾಡಿಗೆ ಹೊಸದಲ್ಲ. ಆಯುರ್ವೇದದಲ್ಲಿ ಉದ್ವರ್ತನ ಎಂಬ ಕ್ರಮವಿದೆ. ಒಣ ಪುಡಿಯಿಂದ ಮೈಯನ್ನು ಉಜ್ಜುವುದು ಅದರ ಒಂದು ಬಗೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಎಂಬ ಅಧ್ಯಾಯದಲ್ಲಿ ಕೂದಲಿನ ಬಣ್ಣ ಮತ್ತು ಸುಗಂಧಗಳ ತಯಾರಿಕೆಯ ವಿಚಾರ ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲೂ ಸುಗಂಧದ್ರವ್ಯಗಳ ಭಾಗವಿದೆ. ಅದೇ ಗ್ರಂಥದಲ್ಲಿ ನೆಲದಡಿಯ ನೀರನ್ನು ಪತ್ತೆ ಮಾಡುವ ಬಗೆಯೂ ಇದೆ. ಬಯಲುಸೀಮೆಯಲ್ಲಿ ಬದುಕುವವರಿಗೆ ಎರಡೂ ಬೇಕಾದ ವಿದ್ಯೆಗಳೇ.

ಜನಸಾಮಾನ್ಯರ ಮನೆಗಳಲ್ಲಿ ಬಳಕೆಯಾದದ್ದು ಸೀಗೆಪುಡಿ, ಅಂಟುವಾಳ ಮತ್ತು ಕಡಲೆಹಿಟ್ಟು. ಇವುಗಳ ಜೊತೆ ಬೆಂಗಳೂರು ಗ್ರಾಮಾಂತರದಂಥ ಒಣ ಪ್ರದೇಶದಲ್ಲಿ ಇನ್ನೊಂದು ಪುಡಿ ಇತ್ತು: ಚುಜ್ಜಲು ಪುಡಿ. ಕೆಲವೆಡೆ ಇದನ್ನು ಸುಜ್ಜಲು, ತುಗ್ಗಲಿ ಎಂದೂ ಕರೆಯುತ್ತಾರೆ. ಸಸ್ಯವಿಜ್ಞಾನಿಗಳಿಗೆ ಇದು ಆಲ್ಬಿಜಿಯ ಅಮಾರ. ಕುರುಚಲು ಕಾಡಿನ ಕಲ್ಲುನೆಲದಲ್ಲಿ, ಕಡಿಮೆ ಮಳೆಯಲ್ಲಿ ಬೆಳೆಯುವ, ಸಣ್ಣ ಸಣ್ಣ ಎಲೆಗಳ ಮರ. ಎಲೆಗಳನ್ನು ನೆರಳಿನಲ್ಲಿ ಒಣಗಿಸಿ ಕುಟ್ಟಿದರೆ ಹಸಿರು ಪುಡಿ ಸಿದ್ಧ. ಎಣ್ಣೆ ಹಚ್ಚಿದ ತಲೆಗೆ ಇದನ್ನು ಕಲಸಿ ಹಾಕಿ ತೊಳೆಯುತ್ತಿದ್ದರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಸೀಗೆ, ಅಂಟುವಾಳ, ಚುಜ್ಜಲು ಮೂರರಲ್ಲೂ ಸಾಪೋನಿನ್ ಎಂಬ ಸಂಯುಕ್ತಗಳಿವೆ. ಸಾಪೋನಿನ್ ಅಣುವಿನ ಒಂದು ಭಾಗ ನೀರಿನೊಡನೆ, ಇನ್ನೊಂದು ಭಾಗ ಎಣ್ಣೆಯೊಡನೆ ಹೊಂದಿಕೊಳ್ಳುತ್ತದೆ. ಹೀಗಾಗಿ ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲಿ ಹೋಗುತ್ತದೆ. ಸಾಬೂನಿಗೂ ಇದೇ ಗುಣವಿದೆ. ಆದರೆ ಗಡಸು ನೀರಿನಲ್ಲಿ ಸಾಬೂನು ಸೋಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಅಯಾನುಗಳು ಸಾಬೂನಿನೊಡನೆ ಸೇರಿ ಕರಗದ ಕಲ್ಮಷವಾಗಿ ಕೂದಲಿಗೆ ಅಂಟುತ್ತವೆ. ಸಾಪೋನಿನ್‌ಗೆ ಈ ತೊಂದರೆ ಬಹಳ ಕಡಿಮೆ. ಬಿಳಿಯ ಕಲೆ ಉಳಿಸುವ ಗಡಸು ನೀರಿನ ಬಾವಿಗಳಿರುವ ಊರುಗಳಲ್ಲಿ ಮೈಗೆ ಸಾಬೂನು ಬಂದ ಮೇಲೂ ತಲೆಗೆ ಸೀಗೆಪುಡಿ ಉಳಿದುಕೊಳ್ಳಲು ಇದೊಂದು ಕಾರಣ.

ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಿ. ಈ ಪುಡಿಗಳು ಕೆಲಸ ಮಾಡಲು ನೀರು ಬೇಕೇ ಬೇಕು. ಇವು ಜಿಡ್ಡನ್ನು ನೀರಿಗೆ ಒಪ್ಪಿಸುತ್ತವೆ. ಡ್ರೈ ಶಾಂಪೂ ಜಿಡ್ಡನ್ನು ತಾನೇ ಹಿಡಿದುಕೊಂಡು ಬಹುಪಾಲು ಅಲ್ಲೇ ಕೂರುತ್ತದೆ. ಹೀಗೆ ನೀರಿಲ್ಲದೆ ಪುಡಿ ಹಾಕಿಕೊಳ್ಳುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಯೂರೋಪಿನಲ್ಲಿ.

ಬ್ರೆಡ್ಡಿನ ಹಿಟ್ಟು ತಲೆಯ ಮೇಲೆ

ಟಿಪ್ಪು ಸುಲ್ತಾನ್ ಹುಟ್ಟಿದ ದೇವನಹಳ್ಳಿಯ ಕೋಟೆ 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಆ ಯುದ್ಧದ ಕಾಲದ ಚಿತ್ರಗಳಲ್ಲಿ ಬ್ರಿಟಿಷ್ ಅಧಿಕಾರಿಗಳನ್ನು ನೋಡಿ. ಹಲವರ ತಲೆ ಬೆಳ್ಳಗಿರುತ್ತದೆ. ಅವರೆಲ್ಲ ಮುದುಕರಲ್ಲ! ಬಹುಪಾಲು ಅದು ಪುಡಿಯ ಬಿಳುಪು.

ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ಕೂದಲು ಉದುರಿದ್ದರಿಂದ ಟೋಪನ್ ಧರಿಸತೊಡಗಿದ. ಹದಿನಾಲ್ಕನೆಯ ಲೂಯಿಯ ಕಾಲಕ್ಕೆ ಅದು ಶ್ರೀಮಂತರ ಗುರುತಾಯಿತು. ಟೋಪನ್‌ಗಳನ್ನು ಪದೇ ಪದೇ ತೊಳೆಯಲಾಗದು. ಆದ್ದರಿಂದ ಜಿಡ್ಡು ಹೀರಲು, ವಾಸನೆ ಮರೆಸಲು ಪುಡಿ ಬಂತು. ನಂತರ ಸ್ವಂತ ಕೂದಲಿಗೂ ಅದೇ ಪುಡಿ. ಮೊದಲು ಪ್ರಾಣಿಕೊಬ್ಬಿನ ಮುಲಾಮು ಹಚ್ಚುವುದು, ಅದರ ಮೇಲೆ ಪುಡಿ ಉದುರಿಸುವುದು. ಆ ಪುಡಿ ಗೋಧಿಯ ಹಿಟ್ಟು ಅಥವಾ ಗೋಧಿಯಿಂದ ತೆಗೆದ ಪಿಷ್ಟ. ಪರಿಮಳಕ್ಕೆ ಲ್ಯಾವೆಂಡರ್, ಕಿತ್ತಳೆ ಹೂ ಅಥವಾ ಐರಿಸ್ ಗಿಡದ ಬೇರಿನ ಪುಡಿ.

ಗೋಧಿ ಸಾಕಷ್ಟು ಇದ್ದಾಗ ಯಾರೂ ಹೆಚ್ಚು ಆಕ್ಷೇಪಿಸಲಿಲ್ಲ. ಆದರೆ 1790ರ ದಶಕದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಬೆಳೆ ಕೈಕೊಟ್ಟಿತು. ಜೊತೆಗೆ ಫ್ರಾನ್ಸಿನೊಡನೆ ಯುದ್ಧ. ಬ್ರೆಡ್ಡಿನ ಬೆಲೆ ಏರಿ 1795ರಲ್ಲಿ ಅನೇಕ ಕಡೆ ಜನ ದಂಗೆಯೆದ್ದರು. ಉಣ್ಣುವ ಧಾನ್ಯ ಶ್ರೀಮಂತರ ತಲೆಯ ಮೇಲೆ ಉದುರುತ್ತಿದೆ ಎಂಬುದು ಹಸಿದವರ ಕಣ್ಣಿಗೆ ಕಾಣದೆ ಇದ್ದೀತೆ? ಅದೇ ವರ್ಷ ಪ್ರಧಾನಿ ವಿಲಿಯಮ್ ಪಿಟ್ ಕೂದಲಿನ ಪುಡಿಯ ಮೇಲೆ ತೆರಿಗೆ ವಿಧಿಸಿದ. ಪುಡಿ ಹಾಕಿಕೊಳ್ಳುವವರು ವರ್ಷಕ್ಕೆ ಒಂದು ಗಿನಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕು. ರಾಜಮನೆತನಕ್ಕೆ ವಿನಾಯಿತಿ. ತೆರಿಗೆ ಕೊಟ್ಟವರನ್ನು ಜನ ‘ಗಿನಿಹಂದಿಗಳು’ ಎಂದು ಹಾಸ್ಯ ಮಾಡಿದರು. ಬೆಡ್‌ಫರ್ಡ್‌ನ ಡ್ಯೂಕ್ ಮತ್ತು ಅವನ ಗೆಳೆಯರು ಪ್ರತಿಭಟನೆಯಾಗಿ ಕೂದಲನ್ನೇ ಕತ್ತರಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಪುಡಿಯ ಫ್ಯಾಶನ್ ಬಿದ್ದುಹೋಯಿತು. ಕಾಯಿದೆ ಮಾತ್ರ 1869ರವರೆಗೆ ಉಳಿದಿತ್ತು.

ಚಂಪಿಯಿಂದ ಶಾಂಪೂವಿಗೆ

ಪುಡಿ ಹಿಂದೆ ಸರಿಯುತ್ತಿದ್ದಾಗ ಭಾರತದಿಂದ ಒಂದು ಪದ ಇಂಗ್ಲೆಂಡಿಗೆ ಹೋಯಿತು. ಹಿಂದಿಯ ‘ಚಾಂಪ್‌ನಾ’ ಎಂದರೆ ಒತ್ತುವುದು, ನೀವುವುದು. ನಮ್ಮ ಕ್ಷೌರಿಕರ ಅಂಗಡಿಯ ‘ಚಂಪಿ’ಯೂ ಇದೇ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದು, ನಂತರ ಬ್ರಿಟನ್ನಿಗೆ ತೆರಳಿ, ಬ್ರೈಟನ್ ನಗರದಲ್ಲಿ ಅಂಗಮರ್ದನದ ಸ್ನಾನಗೃಹವನ್ನು ನಡೆಸಿದ. ದೊರೆ ನಾಲ್ಕನೆಯ ಜಾರ್ಜ್‌ಗೆ ‘ಶಾಂಪೂ ವೈದ್ಯ’ನಾಗಿ ನೇಮಕವನ್ನೂ ಪಡೆದ. ಆಗ ಶಾಂಪೂ ಎಂದರೆ ಮೈ ನೀವುವುದು. ಕೂದಲು ತೊಳೆಯುವುದು ಎಂಬ ಅರ್ಥ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ನಂತರದ ಹೆಜ್ಜೆಗಳನ್ನು ಬೇಗ ನೋಡೋಣ. 1903ರಲ್ಲಿ ಬರ್ಲಿನ್ನಿನ ಹಾನ್ಸ್ ಶ್ವಾರ್ಜ್‌ಕಾಫ್ ನೀರಿನಲ್ಲಿ ಕರಗಿಸಿ ಬಳಸುವ ಪುಡಿ ಶಾಂಪೂವನ್ನು ಪೊಟ್ಟಣದಲ್ಲಿ ಮಾರತೊಡಗಿದ. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ 1918ರಲ್ಲಿ ಗಂಧದ ಸಾಬೂನು ತಯಾರಾಗತೊಡಗಿತು. ಎಸ್. ಜಿ. ಶಾಸ್ತ್ರಿಗಳು ಅದರ ಹಿಂದಿನ ರಸಾಯನ ವಿಜ್ಞಾನಿ. 1930ರ ದಶಕದಲ್ಲಿ ಗಡಸು ನೀರಿನಲ್ಲೂ ನೊರೆ ಕೊಡುವ ಕೃತಕ ಮಾರ್ಜಕದ ಶಾಂಪೂಗಳು ಅಮೆರಿಕದಲ್ಲಿ ಬಂದವು. 1940ರ ದಶಕದಲ್ಲಿ ಅಲ್ಲಿಯೇ ‘ಮಿನಿಪೂ’ ಎಂಬ ಒಣ ಪುಡಿ ಮಾರಾಟಕ್ಕೆ ಬಂತು. ಪುಡಿ ಉದುರಿಸಿ, ಕೈಗವಸಿನಿಂದ ಒರೆಸಿ ತೆಗೆಯುವುದು ಅದರ ಕ್ರಮ. ಹೀಗೆ ಹದಿನೆಂಟನೆಯ ಶತಮಾನದ ಪುಡಿ ಹೊಸ ಹೆಸರಿನಲ್ಲಿ ಮರಳಿತು.

ಡಬ್ಬಿಯೊಳಗಿನ ಒತ್ತಡ

ಕೈಯಿಂದ ಉದುರಿಸಿದ ಪುಡಿ ಒಂದೇ ಕಡೆ ಗುಪ್ಪೆಯಾಗುತ್ತದೆ. ಇದಕ್ಕೆ ಪರಿಹಾರ ಬಂದದ್ದು ಯುದ್ಧಭೂಮಿಯಿಂದ. ನಾರ್ವೆಯ ಎರಿಕ್ ರೋಥೀಮ್ 1920ರ ದಶಕದಲ್ಲಿಯೇ ತುಂತುರು ಡಬ್ಬಿಯನ್ನು ರೂಪಿಸಿದ್ದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗುಡ್‌ಹ್ಯೂ ಮತ್ತು ಸಲ್ಲಿವನ್ ಸೈನಿಕರನ್ನು ಸೊಳ್ಳೆಗಳಿಂದ ರಕ್ಷಿಸಲು ಕೀಟನಾಶಕದ ಡಬ್ಬಿಯನ್ನು ಸಿದ್ಧಪಡಿಸಿದರು. ಯುದ್ಧ ಮುಗಿದ ಮೇಲೆ ಇದೇ ತಂತ್ರ ಕೇಶಾಲಂಕಾರಕ್ಕೆ ಬಂತು.

ಡಬ್ಬಿಯಲ್ಲಿ ಒತ್ತಡಕ್ಕೆ ಸಿಲುಕಿ ದ್ರವವಾಗಿರುವ ಅನಿಲ, ಮುಚ್ಚಳ ಒತ್ತಿದಾಗ ತಟ್ಟನೆ ಆವಿಯಾಗಿ ಪುಡಿಯನ್ನು ಹೊರದೂಡುತ್ತದೆ. ತಲೆಗೆ ತಂಪೆನಿಸುವುದು ಆವಿಯಾಗುವಾಗ ಅದು ಶಾಖವನ್ನು ಹೀರುವುದರಿಂದ. ಬಹುಕಾಲ ಈ ಅನಿಲ ಕ್ಲೋರೋಫ್ಲೂರೋಕಾರ್ಬನ್ ಆಗಿತ್ತು. ಅದು ಹೊತ್ತಿಕೊಳ್ಳದು, ವಿಷವಲ್ಲ, ಯಾವುದರೊಡನೆಯೂ ಸುಲಭವಾಗಿ ವರ್ತಿಸದು. ಎಲ್ಲರೂ ಅದನ್ನು ಸುರಕ್ಷಿತ ಎಂದೇ ಭಾವಿಸಿದ್ದರು. 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಈ ಅನಿಲಗಳು ಮೇಲಿನ ವಾಯುಮಂಡಲ ತಲುಪಿ, ಅತಿನೇರಿಳೆ ಕಿರಣಗಳಿಂದ ಒಡೆದು, ಕ್ಲೋರಿನ್ ಬಿಡುಗಡೆ ಮಾಡಿ ಓಜೋನನ್ನು ನಾಶ ಮಾಡುತ್ತವೆ ಎಂದು ತೋರಿಸಿದರು. 1978ರಲ್ಲಿ ಅಮೆರಿಕ ಬಹುಪಾಲು ತುಂತುರು ಡಬ್ಬಿಗಳಲ್ಲಿ ಇವನ್ನು ನಿಷೇಧಿಸಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. 2010ರ ವೇಳೆಗೆ ಇವುಗಳ ತಯಾರಿಕೆ ಇಲ್ಲಿ ನಿಂತಿತು. ಕೂದಲಿನ ಚೆಂದಕ್ಕೆ ಈ ಬಾರಿ ಬೆಲೆ ತೆತ್ತದ್ದು ಆಕಾಶ.

ಈಗಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬ್ಯೂಟೇನ್, ಪ್ರೊಪೇನ್ ಇರುತ್ತವೆ. ಅಂದರೆ ಅಡುಗೆ ಅನಿಲದ ಬಂಧುಗಳು. ಓಜೋನ್‌ಗೆ ಅಪಾಯವಿಲ್ಲ, ಆದರೆ ಬೆಂಕಿಯ ಅಪಾಯವಿದೆ. ಒಲೆ, ದೀಪ, ಊದುಬತ್ತಿಗಳ ಬಳಿ ಇದನ್ನು ಸಿಂಪಡಿಸಲೇಬಾರದು. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಡಬ್ಬಿ ಇಡಬಾರದು. ಇನ್ನೊಂದು ಸಂಗತಿ 2021 ಮತ್ತು 2022ರಲ್ಲಿ ಬೆಳಕಿಗೆ ಬಂತು. ಅಮೆರಿಕದಲ್ಲಿ ಕೆಲವು ಡ್ರೈ ಶಾಂಪೂಗಳಲ್ಲಿ ಬೆಂಜೀನ್ ಅಂಶ ಕಂಡುಬಂದು, ತಯಾರಕರು ಮುನ್ನೆಚ್ಚರಿಕೆಯಾಗಿ ಅವನ್ನು ಹಿಂದಕ್ಕೆ ಪಡೆದರು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಪೆಟ್ರೋಲಿಯಮ್ ಮೂಲದ ಅನಿಲದ ಜೊತೆ ಅದು ಬಂದಿರಬೇಕೆಂದು ಶಂಕಿಸಲಾಯಿತು. ಪುಡಿಯಲ್ಲಿ ದೋಷವಿರಲಿಲ್ಲ, ಅದನ್ನು ತಳ್ಳುವ ಗಾಳಿಯಲ್ಲಿತ್ತು.

ಮಾಡಿ ನೋಡಿ

ಪುಡಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಶಾಲೆಯಲ್ಲಿಯೇ ನೋಡಬಹುದು. ಡಬ್ಬಿ ಬೇಡ. ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರ್ ಸಾಕು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಸೇರಿಸಿ ಮೂರು ಸಣ್ಣ ಗೊಂಚಲು ಕಟ್ಟಿ.

ಮೊದಲ ಗೊಂಚಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಎಳೆಗಳು ಅಂಟಿಕೊಳ್ಳುವುದನ್ನು ಗಮನಿಸಿ. ಚಿಟಿಕೆ ಪುಡಿ ಉದುರಿಸಿ, ಐದು ನಿಮಿಷ ಬಿಟ್ಟು ಬಾಚಿ. ಎಳೆಗಳು ಬಿಡಿಸಿಕೊಳ್ಳುತ್ತವೆ. ಈಗ ಅದರ ಮೇಲೆ ತೆಳುವಾದ ಅಯೋಡಿನ್ ದ್ರಾವಣದ ಹನಿ ಹಾಕಿ. ಕಪ್ಪು ಕೂದಲಿನಲ್ಲಿ ಬಣ್ಣ ಕಾಣದಿದ್ದರೆ ಬಿಳಿಯ ಕಾಗದದ ಮೇಲೆ ಒತ್ತಿ ನೋಡಿ. ನೀಲಿ ಬಣ್ಣ ಬಂದರೆ ಬಾಚಿದ ಮೇಲೂ ಪಿಷ್ಟ ಉಳಿದಿದೆ ಎಂದರ್ಥ.

ಎರಡನೆಯ ಗೊಂಚಲನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ. ಇದು ಬೆವರಿಗೆ ಬದಲಿ. ಪುಡಿ ಹಾಕಿ ಚೆನ್ನಾಗಿ ಬಾಚಿ. ನಂತರ ಸ್ವಲ್ಪ ಆಸವಿತ ಜಲದಲ್ಲಿ ಅದ್ದಿ ತೆಗೆದು, ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಸೇರಿಸಿ. ಬಿಳಿಯ ಒತ್ತರ ಕಾಣುತ್ತದೆ. ಪುಡಿ ಎಣ್ಣೆಯನ್ನು ಹಿಡಿಯಿತು, ಉಪ್ಪನ್ನು ಬಿಟ್ಟಿತು! ನಲ್ಲಿಯ ಅಥವಾ ಕೊಳವೆಬಾವಿಯ ನೀರಿನಲ್ಲೇ ಕ್ಲೋರೈಡ್ ಇರುವುದರಿಂದ ಆಸವಿತ ಜಲವನ್ನೇ ಬಳಸಬೇಕು. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗದಂತೆ ಶಿಕ್ಷಕರೇ ಹಾಕುವುದು ಒಳ್ಳೆಯದು.

ಮೂರನೆಯ ಗೊಂಚಲಿಗೆ ಎಣ್ಣೆ ಮತ್ತು ಉಪ್ಪುನೀರು ಎರಡನ್ನೂ ಹಚ್ಚಿ ಒಣಗಲು ಬಿಡಿ. ಸೀಗೆಪುಡಿ ಅಥವಾ ಚುಜ್ಜಲು ಪುಡಿ ಕಲಸಿ ತೊಳೆದು, ಕೊನೆಗೆ ಆಸವಿತ ಜಲದಲ್ಲಿ ಎರಡು ಮೂರು ಬಾರಿ ಜಾಲಾಡಿಸಿ ಅದೇ ಪರೀಕ್ಷೆ ಮಾಡಿ. ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಬರೆಯಲಿ.

ನಮ್ಮ ಜಿಲ್ಲೆಯ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಮರಳೋಣ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಮಳೆಯನ್ನು ನಂಬಿದವು. ನೆಲದಡಿ ಗ್ರಾನೈಟ್ ಮತ್ತು ನೈಸ್ ಶಿಲೆ; ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಕೇಂದ್ರ ಅಂತರ್ಜಲ ಮಂಡಳಿಯ ‘ಅತಿಬಳಕೆ’ಯ ಪಟ್ಟಿಯಲ್ಲಿ ಜಿಲ್ಲೆಯ ತಾಲ್ಲೂಕುಗಳ ಹೆಸರಿವೆ. ಆದ್ದರಿಂದ ಒಂದು ಬಕೆಟ್ ನೀರೂ ಇಲ್ಲಿ ಸಣ್ಣ ವಿಷಯವಲ್ಲ.

ನೂರು ವಿದ್ಯಾರ್ಥಿಗಳ ನಿಲಯದಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಎರಡು ಬಾರಿ, ಪ್ರತಿ ಸಲ 15 ಲೀಟರಿನಲ್ಲಿ ತಲೆ ತೊಳೆಯುತ್ತಾರೆ ಎಂದಿಟ್ಟುಕೊಳ್ಳಿ. ವಾರಕ್ಕೆ 3000 ಲೀಟರ್ ಆಯಿತು. ಎರಡರಲ್ಲಿ ಒಂದು ಸಲ ಪುಡಿ ಬಳಸಿದರೆ 1500 ಲೀಟರ್ ಉಳಿಯುತ್ತದೆ. ಲೆಕ್ಕ ಆಕರ್ಷಕವೇ. ಕಾಯಿಲೆ ಬಿದ್ದವರಿಗೆ, ತಲೆ ಒದ್ದೆ ಮಾಡಬಾರದೆಂದು ವೈದ್ಯರು ಹೇಳಿದವರಿಗೆ, ನೀರೇ ಇಲ್ಲದ ದಿನಕ್ಕೆ ಒಣ ಪುಡಿ ನಿಜಕ್ಕೂ ಉಪಯುಕ್ತ. ಡಬ್ಬಿಯೇ ಬೇಕೆಂದಿಲ್ಲ, ಚಿಟಿಕೆ ಕಾರ್ನ್‌ಫ್ಲೋರ್ ಸಾಕು.

ಆದರೆ ಅದು ತೊಳೆಯುವುದಕ್ಕೆ ಬದಲಿಯಲ್ಲ. ಬೆವರಿನ ಉಪ್ಪು, ಧೂಳು, ಸತ್ತ ಚರ್ಮದ ಕಣಗಳು ಬಹುಪಾಲು ಅಲ್ಲೇ ಉಳಿಯುತ್ತವೆ. ದಿನವೂ ಹಾಕಿದರೆ ಪುಡಿಯೂ ಜಿಡ್ಡೂ ಬುಡದಲ್ಲಿ ಸೇರಿ ತುರಿಕೆಗೆ ದಾರಿಯಾಗಬಹುದು. ಕೊನೆಗೆ ಅದನ್ನು ತೆಗೆಯಲು ಹೆಚ್ಚು ನೀರೇ ಬೇಕಾದೀತು. ಸಿಂಪಡಿಸಿದ ಮಾರನೆಯ ದಿನವೋ ಎರಡನೆಯ ದಿನವೋ ತಲೆ ತೊಳೆಯುವುದು ಕ್ಷೇಮ.

ನೀರು ಉಳಿಸಲು ಬೇರೆ ದಾರಿಗಳಿವೆ. ನಲ್ಲಿ ಬಿಟ್ಟು ತೊಳೆಯುವ ಬದಲು ಚೊಂಬಿನಲ್ಲಿ ತೊಳೆಯಬಹುದು. ಶಾಂಪೂವನ್ನು ಕಡಿಮೆ ಬಳಸಿದರೆ ಜಾಲಾಡಿಸಲು ನೀರೂ ಕಡಿಮೆ ಸಾಕು. ಸ್ನಾನದ ನೀರನ್ನು ಗಿಡಗಳಿಗೆ ಹಾಯಿಸಬಹುದು. ವಿದ್ಯಾರ್ಥಿನಿಲಯದ ಮಾಳಿಗೆಯ ಮಳೆನೀರನ್ನು ಹಿಡಿಯಬಹುದು. ಮಳೆನೀರು ಮೆದು ನೀರು. ಅದರಲ್ಲಿ ಕಡಿಮೆ ಶಾಂಪೂವಿಗೂ ಹೆಚ್ಚು ನೊರೆ. ಶಾಲೆಯ ಅಂಚಿನ ಕಲ್ಲುನೆಲದಲ್ಲಿ ಒಂದು ಚುಜ್ಜಲು ಸಸಿ ನೆಟ್ಟರೂ ನಷ್ಟವಿಲ್ಲ. ಒಮ್ಮೆ ಬೇರೂರಿದರೆ ಅದು ಹೆಚ್ಚು ನೀರು ಕೇಳದು.

ಮುಂದಿನ ಸಲ ಅಂಗಡಿಯಲ್ಲಿ ಆ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಹಿಂಬದಿಯ ಪಟ್ಟಿಯನ್ನು ಓದಿ. ಪಿಷ್ಟ ಯಾವುದು, ಅನಿಲ ಯಾವುದು ಎಂದು ಗುರುತಿಸಿ. 1795ರಲ್ಲಿ ಈ ಪುಡಿಯ ಬೆಲೆಯನ್ನು ಬ್ರೆಡ್ಡಿಲ್ಲದವರು ತೆತ್ತರು, ನಂತರ ಓಜೋನ್ ಪದರ ತೆತ್ತಿತು. ಈಗ ಅದನ್ನು ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಚರ್ಚೆಗೆ ಇಡಿ.